ಮಳೆ ಬಂದರೆ ಗಡಿಯಾರ ನಿಲ್ಲುವುದಿಲ್ಲ

(ಸೇನಾ ಭರ್ತಿಗೆ ತಯಾರಾಗುತ್ತಿರುವ ಯುವಕ ಯುವತಿಯರಿಗಾಗಿ, ಮುಂಗಾರಿನ ಆರಂಭದಲ್ಲಿ, ಧಾರವಾಡದಲ್ಲಿ ನಿವೃತ್ತ ಸೇನಾ ದೈಹಿಕ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ.)

ಮೃಗಶಿರ ಮಳೆ ಹಿಡಿದ ದಿನದಿಂದ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಒಂದೇ ಇರುತ್ತದೆ: "ಸರ್, ಮಳಿ ಐತಿ, ಇವತ್ತು ಓಡಬೇಕೋ ಬ್ಯಾಡೋ?" ಕೇಳುವವರಿಗೆ ಹೌದು ಅಥವಾ ಇಲ್ಲ ಎಂಬ ಒಂದು ಮಾತು ಬೇಕಿರುತ್ತದೆ. ಆದರೆ ಮಳೆ ಎಂಬ ಒಂದೇ ಹೆಸರಿನಲ್ಲಿ ನಾವು ಹಲವು ಸಂಗತಿಗಳನ್ನು ಕರೆಯುತ್ತೇವೆ. ಆರಿದ್ರೆಯಲ್ಲಿ ಮೂರು ದಿನ ಬಿಡದೆ ಹಿಡಿಯುವ ಜಿಟಿಜಿಟಿ ಮಳೆ ಬೇರೆ, ಕೃತ್ತಿಕೆಯಲ್ಲಿ ಸಂಜೆ ನಾಲ್ಕಕ್ಕೆ ಮೋಡ ಕಪ್ಪಾಗಿ ಗುಡುಗಿನೊಂದಿಗೆ ಸುರಿಯುವ ಮಳೆ ಬೇರೆ. ಮೊದಲನೆಯದಕ್ಕೆ ಹೆದರಿ ಮನೆಯಲ್ಲಿ ಕುಳಿತವನು ಅಂಕ ಕಳೆದುಕೊಳ್ಳುತ್ತಾನೆ. ಎರಡನೆಯದಕ್ಕೆ ಹೆದರದೆ ಮೈದಾನಕ್ಕೆ ಇಳಿದವನು ಕಳೆದುಕೊಳ್ಳಬಹುದಾದದ್ದು ಅಂಕಕ್ಕಿಂತ ದೊಡ್ಡದು. ಈ ಎರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಸುವುದಕ್ಕಾಗಿಯೇ ನಾನು ಇಂದು ಇಲ್ಲಿ ನಿಂತಿದ್ದೇನೆ.

ಮೊದಲು ನಿಮ್ಮ ಪರೀಕ್ಷೆಯ ಲೆಕ್ಕವನ್ನು ಸರಿಯಾಗಿ ನೋಡೋಣ. ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟವಿದೆ. 400 ಮೀಟರಿನ ಮೈದಾನವಾದರೆ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ 60 ಅಂಕ, 5 ನಿಮಿಷ 31 ಸೆಕೆಂಡಿನಿಂದ 45 ಸೆಕೆಂಡಿನವರೆಗೆ 48 ಅಂಕ. 2025ರ ಅಧಿಸೂಚನೆಯಲ್ಲಿ ಇದರ ಕೆಳಗೆ ಇನ್ನೂ ಎರಡು ಗುಂಪುಗಳನ್ನು ಸೇರಿಸಿ 6 ನಿಮಿಷ 15 ಸೆಕೆಂಡಿನವರೆಗೂ ಅವಕಾಶ ನೀಡಲಾಗಿದೆ, ಆದರೆ ಅಂಕ ಮೊದಲು 36ಕ್ಕೆ, ಆಮೇಲೆ 24ಕ್ಕೆ ಇಳಿಯುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ನಿಮ್ಮ ವರ್ಷದ ಅಧಿಸೂಚನೆಯನ್ನು ನೀವೇ ಓದಬೇಕು, ಗೆಳೆಯ ಹೇಳಿದ್ದನ್ನು ನಂಬಬಾರದು. ಮಹಿಳಾ ಸೇನಾ ಪೊಲೀಸ್ ಹುದ್ದೆಗೆ ತಯಾರಾಗುತ್ತಿರುವ ಹೆಣ್ಣುಮಕ್ಕಳಿಗೆ ಸಮಯದ ಮಿತಿ ಬೇರೆಯಾದರೂ ನಾನು ಮುಂದೆ ಹೇಳುವ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಈ ಅಂಕಿಗಳಲ್ಲಿ ನೀವು ಗಮನಿಸಬೇಕಾದದ್ದು ಒಂದೇ ಒಂದು ಸಂಗತಿ: 5:30ಕ್ಕೂ 5:31ಕ್ಕೂ ಇರುವ ಅಂತರ ಒಂದು ಸೆಕೆಂಡು, ಆ ಒಂದು ಸೆಕೆಂಡಿನ ಬೆಲೆ ಹನ್ನೆರಡು ಅಂಕ. ಹಿಂದಿನ ರಾತ್ರಿ ಮಳೆಯಾಗಿ ಮೈದಾನ ಕೆಸರಾಗಿದ್ದರೆ ಆ ಸೆಕೆಂಡನ್ನು ನೆಲವೇ ನುಂಗಿಬಿಡುತ್ತದೆ. ಮಳೆ ಬಂದಿತ್ತೆಂದು ಯಾವ ಅಧಿಕಾರಿಯೂ ಗಡಿಯಾರಕ್ಕೆ ಹತ್ತು ಸೆಕೆಂಡು ರಿಯಾಯಿತಿ ಕೊಡುವುದಿಲ್ಲ.

ಇಲ್ಲಿ ನಿಮಗೆ ದೂರದ ದೇಶದ ಒಂದು ಓಟದ ಕಥೆಯನ್ನು ಹೇಳಬೇಕು. 2018ರ ಏಪ್ರಿಲ್ 16ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ನಡೆಯಿತು. ಓಟ ಆರಂಭವಾಗುವ ಹೊತ್ತಿಗೆ ಐದು ಡಿಗ್ರಿಗಿಂತ ಕೆಳಗಿನ ಚಳಿ, ಸುರಿಯುವ ಮಳೆ, ಮುಖಕ್ಕೆ ಹೊಡೆಯುವ ಎದುರುಗಾಳಿ. ಗೆಲ್ಲಬಹುದೆಂದು ಎಲ್ಲರೂ ಎಣಿಸಿದ್ದ ಹಲವು ಹೆಸರಾಂತ ಓಟಗಾರರು ನಡುದಾರಿಯಲ್ಲೇ ಓಟ ಬಿಟ್ಟರು. ಕೊನೆಗೆ ಗೆದ್ದವರು ಜಪಾನಿನ ಯೂಕಿ ಕವೌಚಿ. ಆಗ ಅವರು ಶಾಲೆಯೊಂದರ ಕಚೇರಿಯಲ್ಲಿ ಪೂರ್ಣಾವಧಿ ಸರ್ಕಾರಿ ನೌಕರಿ ಮಾಡುತ್ತ, ಬಿಡುವಿನ ವೇಳೆಯಲ್ಲಿ ಅಭ್ಯಾಸ ಮಾಡುತ್ತಿದ್ದವರು. ಗೆದ್ದ ಸಮಯ 2 ಗಂಟೆ 15 ನಿಮಿಷ 58 ಸೆಕೆಂಡು. ಅವರೇ ಐದು ವರ್ಷ ಹಿಂದೆ ಸಿಯೋಲ್‌ನಲ್ಲಿ 2 ಗಂಟೆ 8 ನಿಮಿಷ 14 ಸೆಕೆಂಡಿನಲ್ಲಿ ಓಡಿದ್ದರು. ಅಂದರೆ ತಮ್ಮ ಅಲ್ಲಿಯವರೆಗಿನ ಅತ್ಯುತ್ತಮ ಸಮಯಕ್ಕಿಂತ ಏಳೂವರೆ ನಿಮಿಷಕ್ಕೂ ಹೆಚ್ಚು ತಡವಾಗಿ ಓಡಿ ಅವರು ಜಗತ್ತಿನ ಅತ್ಯಂತ ಹಳೆಯ ವಾರ್ಷಿಕ ಮ್ಯಾರಥಾನನ್ನು ಗೆದ್ದರು. ಇದನ್ನು ಕೇಳಿದ ಕೂಡಲೇ ನಮ್ಮ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಸ್ವಲ್ಪ ತಾಳಿ. ಬಾಸ್ಟನ್ನಿನಲ್ಲಿ ಅವರು ಓಡಿದ್ದು ಇತರ ಓಟಗಾರರ ವಿರುದ್ಧ. ಹವೆ ಎಲ್ಲರಿಂದಲೂ ಒಂದಿಷ್ಟು ಸಮಯ ಕಿತ್ತುಕೊಂಡಿತು, ಅವರಿಂದ ಕಡಿಮೆ ಕಿತ್ತುಕೊಂಡಿತು. ನೀವು ಓಡುವುದು ಇತರರ ವಿರುದ್ಧವಲ್ಲ, ಗಡಿಯಾರದ ವಿರುದ್ಧ. ಕೆಸರಿನಲ್ಲಿ ನಿಮ್ಮ ಬ್ಯಾಚಿನಲ್ಲಿ ಮೊದಲಿಗರಾಗಿ ಬಂದರೂ 5:46 ಆಗಿದ್ದರೆ ನೀವು ಮೂರನೇ ಗುಂಪಿನವರೇ.

ಆದ್ದರಿಂದ ಹವೆಗೆ ಕೊಡಬೇಕಾದ ಕಂದಾಯವನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು. 5:30ರಲ್ಲಿ ಮುಗಿಸಲು ಒಂದು ಸುತ್ತಿಗೆ 82.5 ಸೆಕೆಂಡು ಬೇಕು. ಒಣಗಿದ ಮೈದಾನದಲ್ಲಿ, ತಂಪಾದ ಬೆಳಿಗ್ಗೆ, ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ ನೀವು ಸರಿಯಾಗಿ 82 ಸೆಕೆಂಡಿನ ಸುತ್ತು ಓಡುತ್ತಿದ್ದರೆ ನೀವಿನ್ನೂ ತಯಾರಾಗಿಲ್ಲ. ಅಂತಹ ದಿನ ನಿಮ್ಮ ಸುತ್ತು 78 ಅಥವಾ 79 ಸೆಕೆಂಡಿಗೆ ಬರಬೇಕು, ಅಂದರೆ ಒಟ್ಟು ಸುಮಾರು 5:15. ಆ ಹದಿನೈದು ಸೆಕೆಂಡು ಕೆಸರಿಗೆ, ಎದುರುಗಾಳಿಗೆ, ಆರಂಭದ ನೂಕುನುಗ್ಗಲಿಗೆ, ರಾತ್ರಿಯಿಡೀ ರಸ್ತೆ ಬದಿಯಲ್ಲಿ ಕುಳಿತು ಕಾಯ್ದ ಕಾಲಿಗೆ. ನನ್ನ ಬಳಿ ಬರುವ ಹುಡುಗರಲ್ಲಿ ಬಹುತೇಕರು ಈ ಹದಿನೈದು ಸೆಕೆಂಡನ್ನು ಬೇಸಿಗೆಯಲ್ಲಿ ಗಳಿಸಲು ನೋಡುತ್ತಾರೆ, ಮಳೆಗಾಲದಲ್ಲಿ ಎರಡು ತಿಂಗಳು ಅಭ್ಯಾಸ ಬಿಟ್ಟು ಗಳಿಸಿದ್ದನ್ನೆಲ್ಲ ಕಳೆಯುತ್ತಾರೆ. ಮೃಗಶಿರದಿಂದ ಆಶ್ಲೇಷದವರೆಗೆ ಓಡದ ಕಾಲು ಹುಬ್ಬೆಯ ಬಿಸಿಲಿನಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಇನ್ನು ನೆಲದ ವಿಷಯ. ಧಾರವಾಡದವರಾದ ನಿಮಗೆ ಒಂದು ಅನುಕೂಲವಿದೆ, ಅದನ್ನು ನೀವು ಯಾರೂ ಬಳಸಿಕೊಂಡಿಲ್ಲ. ಊರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಕೆಂಪು ನೆಲ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಹೋದರೆ ಬೆಳವಲ, ಎರೆ ನೆಲ. ಕೆಂಪು ಮಣ್ಣು ಮಳೆಯಲ್ಲಿ ಜಾರುತ್ತದೆ, ಆದರೆ ಮಳೆ ನಿಂತು ಕೆಲವು ತಾಸು ಕಳೆದರೆ ನೀರು ಇಳಿದು ಗಟ್ಟಿಯಾಗುತ್ತದೆ. ಎರೆ ಮಣ್ಣು ಜಾರುವುದಲ್ಲದೆ ಹಿಡಿದುಕೊಳ್ಳುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಬೂಟಿಗೆ ರೊಟ್ಟಿಯಂತೆ ಮೆತ್ತಿ, ಹತ್ತು ಹೆಜ್ಜೆಗೆ ಪ್ರತಿ ಕಾಲಿಗೂ ಅರ್ಧ ಕಿಲೋ ಹೊತ್ತಂತೆ ಅನಿಸುತ್ತದೆ. ಭರ್ತಿಯ ರ‍್ಯಾಲಿ ಯಾವ ಊರಿನ ಮೈದಾನದಲ್ಲಿ ನಡೆಯುತ್ತದೆಯೋ ಆ ನೆಲ ಹೇಗಿದೆಯೋ ನೀವು ಆರಿಸಿಕೊಳ್ಳಲಾಗದು. ಎರಡೂ ನೆಲದ ಮೇಲೆ, ಒದ್ದೆಯಾಗಿರುವಾಗಲೇ, ಓಡಿ ನೋಡಿರಬೇಕು. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದಲ್ಲಿ ಕೆಸರು ಗದ್ದೆ ಓಟವನ್ನು ಹಬ್ಬದಂತೆ ಮಾಡುತ್ತಾರೆ. ನಾನು ಸೈನ್ಯಕ್ಕೆ ಸೇರಿದ ಹೊಸದರಲ್ಲಿ ನಮ್ಮ ಬ್ಯಾರಕ್ಕಿನಲ್ಲಿದ್ದ ಕೊಡಗಿನ ಹುಡುಗನೊಬ್ಬ ಕೆಸರಿನಲ್ಲಿ ಓಡುವುದನ್ನು ನೋಡಿ ನಮಗೆಲ್ಲ ಆಶ್ಚರ್ಯವಾಗುತ್ತಿತ್ತು. ಒಣನೆಲದಲ್ಲಿ ಅವನು ನನಗಿಂತ ನಿಧಾನ. ಒದ್ದೆ ನೆಲದಲ್ಲಿ ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಅವನ ಗುಟ್ಟು ಸರಳವಾಗಿತ್ತು: ಹೆಜ್ಜೆಯನ್ನು ಗಿಡ್ಡ ಮಾಡುತ್ತಿದ್ದ, ಹೆಜ್ಜೆಯ ಸಂಖ್ಯೆಯನ್ನು ಹೆಚ್ಚಿಸುತ್ತಿದ್ದ, ಪಾದವನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರುವ ಬದಲು ದೇಹದ ಕೆಳಗೇ ಇಡುತ್ತಿದ್ದ. ಹಿಮ್ಮಡಿಯನ್ನು ಮುಂದೆ ಊರಿದವನು ಕೆಸರಿನಲ್ಲಿ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿ ಜಾರುತ್ತಾನೆ.

ಮೈದಾನದ ಒಳ ಅಂಚಿನ ಬಗ್ಗೆ ಒಂದು ಲೆಕ್ಕವನ್ನು ನೀವು ಬರೆದುಕೊಳ್ಳಬೇಕು. ನೂರಾರು ಜನರ ಬ್ಯಾಚುಗಳು ಒಂದರ ಹಿಂದೆ ಒಂದು ಓಡಿದ ಮೇಲೆ ಮಳೆಯ ದಿನ ಒಳ ಅಂಚು ನಾಟಿಗೆ ಹದ ಮಾಡಿದ ಗದ್ದೆಯಂತಾಗಿರುತ್ತದೆ. ಆಗ ಹುಡುಗರು ಹೊರಗೆ ಸರಿದು ಓಡುತ್ತಾರೆ. ಒಳ ಅಂಚಿನಿಂದ ಒಂದು ಮೀಟರ್ ಹೊರಗೆ ಓಡಿದರೆ ಒಂದು ಸುತ್ತಿಗೆ ಸುಮಾರು 6.3 ಮೀಟರ್ ಹೆಚ್ಚಾಗುತ್ತದೆ, ನಾಲ್ಕು ಸುತ್ತಿಗೆ 25 ಮೀಟರ್. 5:30ರ ವೇಗದಲ್ಲಿ ಆ 25 ಮೀಟರಿಗೆ ಐದು ಸೆಕೆಂಡು ಬೇಕು. ಎರಡು ಮೀಟರ್ ಹೊರಗೆ ಹೋದರೆ ಹತ್ತು ಸೆಕೆಂಡು. ಆದರೆ ಈ ಹೆಚ್ಚುವರಿ ದೂರವೆಲ್ಲ ಬರುವುದು ತಿರುವುಗಳಲ್ಲಿ ಮಾತ್ರ. ನೇರ ದಾರಿಯಲ್ಲಿ ನೀವು ಹೊರಗೆ ಓಡಿದರೂ ಒಳಗೆ ಓಡಿದರೂ ದೂರ ಒಂದೇ. ಹಾಗಾಗಿ ತಿರುವಿನಲ್ಲಿ ಕೆಸರಾದರೂ ಒಳ ಅಂಚಿಗೆ ಹತ್ತಿರವಿರಿ, ನೇರ ದಾರಿಗೆ ಬಂದ ಕೂಡಲೇ ಓರೆಯಾಗಿ ಗಟ್ಟಿ ನೆಲದ ಕಡೆಗೆ ಸರಿಯಿರಿ, ಮುಂದಿನ ತಿರುವಿಗೆ ಮೊದಲು ಹಾಗೆಯೇ ಓರೆಯಾಗಿ ಮರಳಿ. ತಿರುವಿನ ಕೆಸರು ಮೊಣಕಾಲು ಮುಳುಗುವಷ್ಟಿದ್ದರೆ ಮಾತ್ರ ಐದು ಸೆಕೆಂಡಿನ ದಂಡ ಕಟ್ಟಿ ಹೊರಗೆ ಹೋಗಬೇಕು. ಎದುರುಗಾಳಿಗೂ ಇಂತಹುದೇ ಒಂದು ಲೆಕ್ಕವಿದೆ. ಸುತ್ತಿನ ಒಂದು ಬದಿಯಲ್ಲಿ ಎದುರುಗಾಳಿ ಕಸಿದುಕೊಂಡ ಸಮಯವನ್ನು ಇನ್ನೊಂದು ಬದಿಯಲ್ಲಿ ಬೆನ್ನಗಾಳಿ ಪೂರ್ತಿ ಹಿಂದಿರುಗಿಸುವುದಿಲ್ಲ. ಎದುರುಗಾಳಿಯ ಬದಿಯಲ್ಲಿ ಯಾರದಾದರೂ ಬೆನ್ನ ಹಿಂದೆ ಸೇರಿಕೊಳ್ಳಿ, ಬೆನ್ನಗಾಳಿ ಬಂದಾಗ ಮುಂದೆ ಹೋಗಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಸೈಕಲ್ ರೇಸಿನವರು ಜೀವಮಾನವೆಲ್ಲ ಮಾಡುವುದು ಇದನ್ನೇ.

ಮಳೆಯಲ್ಲಿ ಅಭ್ಯಾಸ ಮಾಡುವ ದಿನ ಮಾತ್ರ ಗಡಿಯಾರವನ್ನು ಬದಿಗಿಡಬೇಕು. ಪರೀಕ್ಷೆಯ ದಿನ ಗಡಿಯಾರ ರಿಯಾಯಿತಿ ಕೊಡುವುದಿಲ್ಲ ಎಂದವನೇ ಈಗ ಹೀಗೆ ಹೇಳುತ್ತಿದ್ದೇನೆಂದು ನಿಮಗೆ ಅನಿಸಬಹುದು. ಒದ್ದೆ ನೆಲದಲ್ಲಿ 79 ಸೆಕೆಂಡಿನ ಸುತ್ತನ್ನೇ ಬೆನ್ನಟ್ಟಿದ ಹುಡುಗ ಒಣನೆಲಕ್ಕಿಂತ ಹೆಚ್ಚು ಶ್ರಮಪಟ್ಟಿರುತ್ತಾನೆ. ಅವನು ವಾರದಲ್ಲಿ ಮೂರು ದಿನ ಹೀಗೆ ಮಾಡಿದರೆ ನಾಲ್ಕನೆಯ ದಿನ ಮೀನಖಂಡ ಹಿಡಿದುಕೊಂಡು ಕೂರುತ್ತಾನೆ. ಮಳೆಯ ದಿನ ದೂರ ಮತ್ತು ಸಮಯದ ಬದಲು ಶ್ರಮ ಮತ್ತು ಅವಧಿಯನ್ನು ಲೆಕ್ಕ ಹಾಕಿ. ಮೂವತ್ತು ನಿಮಿಷ, ಪಕ್ಕದವನೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲಷ್ಟು ವೇಗದಲ್ಲಿ ಓಡಿದರೆ ಅದು ಹಗುರ ಓಟ. ಮೂರು ನಿಮಿಷ, ಒಂದೆರಡು ಪದಕ್ಕಿಂತ ಹೆಚ್ಚು ಹೊರಡದಷ್ಟು ವೇಗದಲ್ಲಿ ಓಡಿದರೆ ಅದು ಬಿರುಸಿನ ಓಟ. ಅಂತಹ ನಾಲ್ಕೈದು ಸಾಕು. ಎಷ್ಟು ಮೀಟರ್ ಆಯಿತು ಎಂಬುದು ಆ ದಿನ ಮುಖ್ಯವಲ್ಲ. ಸಮಯ ಹಿಡಿದು ಓಡುವ ಪರೀಕ್ಷೆಯನ್ನು ಹದಿನೈದು ದಿನಕ್ಕೊಮ್ಮೆ ಇಟ್ಟುಕೊಳ್ಳಿ, ಆ ದಿನ ಹವೆ ಹೇಗಿತ್ತು, ನೆಲ ಹೇಗಿತ್ತು ಎಂದು ಸಮಯದ ಪಕ್ಕದಲ್ಲಿಯೇ ಬರೆದಿಡಿ. ಆರು ತಿಂಗಳ ನಂತರ ಆ ನೋಟುಬುಕ್ಕು ನಿಮಗೆ ನನಗಿಂತ ಒಳ್ಳೆಯ ಉಸ್ತಾದ್ ಆಗುತ್ತದೆ. ಸೈನ್ಯದಲ್ಲಿ ನಮ್ಮಂಥ ದೈಹಿಕ ಶಿಕ್ಷಕರನ್ನು ಉಸ್ತಾದ್ ಎಂದೇ ಕರೆಯುತ್ತಾರೆ, ನಿಮಗೂ ಬೇಗ ಅಭ್ಯಾಸವಾಗಲಿ. ಇನ್ನೊಂದು ಮಾತು, ರಸ್ತೆಯ ಮೇಲೆ ಬೈಕಿನ ಮೀಟರು ನೋಡಿ 1.6 ಕಿಲೋಮೀಟರ್ ಗುರುತು ಮಾಡಿಕೊಂಡವರು ಅದನ್ನು ಅಳತೆಯ ಟೇಪಿನಿಂದಲೋ ಸರಿಯಾದ ಮೈದಾನದಲ್ಲೋ ಮತ್ತೊಮ್ಮೆ ಪರೀಕ್ಷಿಸಿ. ಐವತ್ತು ಮೀಟರ್ ಕಡಿಮೆಯಿದ್ದ ರಸ್ತೆಯಲ್ಲಿ ಓಡಿ 5:20 ಬಂತೆಂದು ಹಿಗ್ಗಿದವರನ್ನು ನಾನು ಬಲ್ಲೆ.

ಬಟ್ಟೆ, ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತಿಯ ಬನಿಯನ್ ನೀರು ಹೀರಿ ಮೈಗೆ ಅಂಟುತ್ತದೆ, ತೊಡೆಸಂದು ಮತ್ತು ಎದೆಯ ಚರ್ಮ ಉಜ್ಜಿ ಉರಿಯುತ್ತದೆ; ಪಾಲಿಯೆಸ್ಟರ್ ಜೆರ್ಸಿ ಹಾಕಿ, ಉಜ್ಜುವ ಜಾಗಕ್ಕೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಒದ್ದೆ ಬೂಟನ್ನು ಒಲೆಯ ಮುಂದೆ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ, ಗಾಳಿಯಾಡುವ ಕಡೆ ಇಡಿ. ಆದರೆ ಬರಿಗಾಲಿನ ಬಗ್ಗೆ ಮಾತ್ರ ಒಂದೆರಡು ಮಾತು ಹೆಚ್ಚು ಹೇಳಬೇಕು. ಬೂಟು ಭಾರವಾಗುತ್ತದೆ ಎಂದು ಮಳೆಯಲ್ಲಿ ಬರಿಗಾಲಲ್ಲಿ ಓಡುವ ಹುಡುಗರು ನಿಮ್ಮಲ್ಲಿ ಅನೇಕರಿದ್ದಾರೆ. ಸ್ವಚ್ಛವಾದ ಹುಲ್ಲುನೆಲವಾದರೆ ನನ್ನ ಆಕ್ಷೇಪವಿಲ್ಲ. ಊರಿನ ಮೈದಾನಗಳಲ್ಲಿ ನಿಂತ ನೀರಿನ ಕೆಳಗೆ ಬಾಟಲಿಯ ಚೂರು ಇರುತ್ತದೆ, ಅದಕ್ಕಿಂತ ಕಾಣದ ಅಪಾಯ ಇಲಿಜ್ವರದ್ದು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದ ಮೂಲಕ ಒಳಗೆ ಹೋದರೂ ಸಾಕು, ಜ್ವರ, ವಿಪರೀತ ಸ್ನಾಯು ನೋವು ಬರುತ್ತದೆ, ಕೆಲವರಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿಗೂ ತೊಂದರೆಯಾಗುತ್ತದೆ. ಓಟದ ನಂತರ ಬಂದ ಮೈಕೈ ನೋವೆಂದು ಸುಮ್ಮನಿರುವ ಓಟಗಾರನೇ ಇದರಲ್ಲಿ ತಡವಾಗಿ ಆಸ್ಪತ್ರೆ ಸೇರುವವನು. ಮೈದಾನದಿಂದ ಬಂದ ಕೂಡಲೇ ಕಾಲು ತೊಳೆದು, ಬೆರಳುಸಂದನ್ನು ಒಣಬಟ್ಟೆಯಿಂದ ಒರೆಸಿ. ಕೆಸರುಹುಣ್ಣು ಆದ ಕಾಲಿನಿಂದ ಯಾರೂ 79 ಸೆಕೆಂಡಿನ ಸುತ್ತು ಓಡಿಲ್ಲ.

ಮಳೆಯಲ್ಲಿ ಓಡುವುದಕ್ಕಿಂತ ಮಳೆಯಲ್ಲಿ ಕಾಯುವುದು ಕಷ್ಟ. ಇದನ್ನು ಯಾವ ಅಕಾಡೆಮಿಯೂ ಹೇಳಿಕೊಡುವುದಿಲ್ಲ. ಓಟ ಐದೂವರೆ ನಿಮಿಷದ್ದು, ಕಾಯುವುದು ಐದಾರು ತಾಸಿನದು. ಮಧ್ಯರಾತ್ರಿ ಕಳೆಯುತ್ತಲೇ ಸಾಲು ಹಚ್ಚಿ, ದಾಖಲೆಗಳ ಪರಿಶೀಲನೆ ಮುಗಿಸಿ, ಎತ್ತರ ಅಳೆಸಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಓಡುವ ಹುಡುಗನ ಮೈ ಆಗಲೇ ನಡುಗುತ್ತಿರುತ್ತದೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ದೇಹದ ಶಾಖವನ್ನು ಹೊರಗೆ ಒಯ್ಯುತ್ತದೆ. ಅದಕ್ಕೆ ಗಾಳಿಯೂ ಸೇರಿದರೆ ಏನಾಗಬಲ್ಲದೆಂಬುದನ್ನು ಜಗತ್ತು 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೋಡಿತು. ನೂರು ಕಿಲೋಮೀಟರಿನ ಬೆಟ್ಟದ ಓಟವದು. ಹಗಲು ಹೊತ್ತಿನಲ್ಲಿಯೇ ಹವೆ ತಿರುಗಿ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಬಂದು 21 ಓಟಗಾರರು ಸತ್ತರು. ಅವರಲ್ಲಿ ಚೀನಾದ ಅತ್ಯುತ್ತಮ ದೂರದ ಓಟಗಾರರೂ ಇದ್ದರು. ಬಹುತೇಕರು ಚಡ್ಡಿ, ತೆಳು ಜೆರ್ಸಿಯಲ್ಲಿದ್ದರು. ಗಾಳಿ ತಡೆಯುವ ಅಂಗಿಯನ್ನು ಸಂಘಟಕರು ಕಡ್ಡಾಯ ಸಾಮಗ್ರಿಯ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಆರು ಜನರನ್ನು ಉಳಿಸಿದವನು ಒಬ್ಬ ಕುರಿಗಾಹಿ, ತನ್ನ ಗುಹೆಗೆ ಕರೆದೊಯ್ದು ಬೆಂಕಿ ಹಾಕಿ ಕಾಯಿಸಿದ. ನಮ್ಮ ರ‍್ಯಾಲಿ ಮೈದಾನಗಳಲ್ಲಿ ಅಂತಹ ಚಳಿ ಇಲ್ಲ, ಆದರೆ ದೇಹದ ಲೆಕ್ಕ ಅದೇ. ತಣ್ಣಗಾದ ಸ್ನಾಯು ಮೊದಲ ಸುತ್ತಿನಲ್ಲಿಯೇ ಸೆಟೆಯುತ್ತದೆ. ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಹಾಳೆ, ಒಣಗಿದ ಇನ್ನೊಂದು ಜೊತೆ ಸಾಕ್ಸು, ದಾಖಲೆಗಳಿಗೆ ನೀರು ಹೋಗದ ಕವರು, ಇವಿಷ್ಟನ್ನು ಬಿಟ್ಟು ಮನೆಯಿಂದ ಹೊರಡಬೇಡಿ. ಮೇಲಂಗಿಯನ್ನು ಬ್ಯಾಚು ಕರೆಯುವವರೆಗೂ ತೆಗೆಯಬೇಡಿ. ಸಾಲಿನಲ್ಲಿ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಮೊಣಕಾಲು ಎತ್ತಿ, ರಕ್ತ ಓಡಾಡುತ್ತಿರಲಿ.

ಈಗ ಸಿಡಿಲಿನ ಮಾತು. ಇದರಲ್ಲಿ ಧೈರ್ಯಕ್ಕೆ ಯಾವ ಜಾಗವೂ ಇಲ್ಲ. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೀವು ಐದೂವರೆ ನಿಮಿಷ ಏದುಸಿರು ಬಿಟ್ಟು ಓಡುವ ಆ 1.6 ಕಿಲೋಮೀಟರನ್ನು ಗುಡುಗು ಐದು ಸೆಕೆಂಡಿನೊಳಗೆ ಓಡುತ್ತದೆ. ಮಿಂಚು ಕಂಡು, ಒಂದು, ಎರಡು ಎಂದು ಎಣಿಸುತ್ತ ಐದು ಎನ್ನುವಷ್ಟರಲ್ಲಿ ಗುಡುಗು ಕೇಳಿಸಿದರೆ ಸಿಡಿಲು ಬಿದ್ದದ್ದು ನಿಮ್ಮ ನಾಲ್ಕು ಸುತ್ತಿನಷ್ಟು ದೂರದಲ್ಲಿ. ಎಣಿಕೆ ಮೂವತ್ತು ತಲುಪುವ ಮೊದಲೇ ಗುಡುಗು ಕೇಳಿಸಿದರೆ ಮೈದಾನ ಬಿಡಬೇಕು, ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಮರಳಬಾರದು. ನಿಜ ಹೇಳಬೇಕೆಂದರೆ ಎಣಿಸುವ ಅಗತ್ಯವೂ ಇಲ್ಲ. ಗುಡುಗು ಕಿವಿಗೆ ಬಿತ್ತೆಂದರೆ ನೀವು ಸಿಡಿಲಿನ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದೀರಿ ಎಂದೇ ಅರ್ಥ. ಓಡಿ ಹೋಗಿ ನಿಲ್ಲಬೇಕಾದದ್ದು ಗೋಡೆ, ಚಾವಣಿ ಎರಡೂ ಇರುವ ಕಟ್ಟಡದೊಳಗೆ ಅಥವಾ ಬಾಗಿಲು ಮುಚ್ಚಿದ ಬಸ್ಸಿನೊಳಗೆ. ಮೈದಾನದ ಅಂಚಿನ ಬೇವಿನ ಮರ, ಧ್ವಜಸ್ತಂಭ, ಗೋಲು ಕಂಬ, ನೀವು ಪುಲ್‌ಅಪ್ ಮಾಡುವ ಕಬ್ಬಿಣದ ಬೀಮು, ಇವುಗಳ ಹತ್ತಿರವೂ ನಿಲ್ಲಬಾರದು. ಮುಂಗಾರಿಗೆ ಮೊದಲಿನ ಅಡ್ಡಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಮತ್ತೆ ಚಿತ್ತ, ಸ್ವಾತಿಯ ಹಿಂಗಾರಿನಲ್ಲಿ ಗುಡುಗು ಹೆಚ್ಚು, ಅದೂ ಹೆಚ್ಚಾಗಿ ಮಧ್ಯಾಹ್ನದ ನಂತರ. ಆ ತಿಂಗಳುಗಳಲ್ಲಿ ಸಂಜೆಯ ಓಟವನ್ನು ಬೆಳಗಿಗೆ ಬದಲಿಸಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ಓಡಲಾಗದ ದಿನ ನಮ್ಮ ಊರುಗಳ ಗರಡಿಮನೆಗಳಲ್ಲಿ ಜಾಗವಿದೆ. ದಂಡ, ಬೈಠಕ್, ಹಗ್ಗ ಜಿಗಿತ ಅರ್ಧ ತಾಸು ಮಾಡಿದವನಿಗೆ ಓಟ ತಪ್ಪಿತೆಂಬ ಕೊರಗು ಬೇಕಿಲ್ಲ.

ಮಳೆಯ ಬಗ್ಗೆ ಕೇಳಲು ಬಂದ ನಿಮಗೆ ಬಿಸಿಲಿನ ಬಗ್ಗೆ ಇನ್ನೂ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಓಡುವವರನ್ನು ಕೊಲ್ಲುವುದರಲ್ಲಿ ಚಳಿಗಿಂತ, ಕೆಸರಿಗಿಂತ ಬಿಸಿಲು ಮುಂದೆ. ನನ್ನ ತರಬೇತಿಯ ದಿನಗಳ ಒಂದು ಘಟನೆ ಇದೆ. ಬಿಸಿಲು ಅಷ್ಟೇನೂ ಇರಲಿಲ್ಲ, ಮೋಡ ಕವಿದು ಗಾಳಿಯೇ ಇಲ್ಲದ ಸೆಕೆಯ ಬೆಳಿಗ್ಗೆ. ಐದು ಕಿಲೋಮೀಟರ್ ಓಟದ ಕೊನೆಯಲ್ಲಿ ನಮ್ಮ ಸ್ಕ್ವಾಡಿನ ಒಬ್ಬ ಹುಡುಗ, ಎಂದೂ ಎದುರು ಮಾತಾಡದವನು, ಉಸ್ತಾದರನ್ನೇ ಬೈಯತೊಡಗಿದ. ನಾವೆಲ್ಲ ಇವನಿಗೇನು ಕೊಬ್ಬು ಎಂದುಕೊಂಡೆವು. ಉಸ್ತಾದರು ಮಾತ್ರ ಅವನನ್ನು ಹಿಡಿದು ಕುಳ್ಳಿರಿಸಿ, ಕುದುರೆಗಳಿಗೆ ನೀರು ತುಂಬಿಟ್ಟಿದ್ದ ತೊಟ್ಟಿಗೆ ಬಟ್ಟೆಸಮೇತ ಇಳಿಸಿ, ಕತ್ತನ್ನು ನೀರಿನ ಮೇಲೆ ಹಿಡಿದುಕೊಂಡರು. ಗಾಡಿ ಬರುವ ಹೊತ್ತಿಗೆ ಅವನಿಗೆ ಪ್ರಜ್ಞೆ ಸರಿಯಾಗಿತ್ತು. ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿದಾಗ ಮೊದಲು ಕೆಡುವುದು ಮಿದುಳು. ತೊದಲು, ಸಿಟ್ಟು, ತೂರಾಟ, ಅರ್ಥವಿಲ್ಲದ ಮಾತು ಅದರ ಗುರುತು. ಬೆವರು ನಿಂತಿರಲೇಬೇಕೆಂದಿಲ್ಲ. ಓಡುತ್ತಿದ್ದವನು ಮೈ ತೊಯ್ಯುವಷ್ಟು ಬೆವರುತ್ತಲೇ ಬೀಳಬಹುದು. ಅಂತಹವನನ್ನು ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ತಣಿಸದೆ ಆಂಬುಲೆನ್ಸಿಗೆ ಕಾಯುತ್ತ ಕುಳಿತ ಪ್ರತಿ ನಿಮಿಷವೂ ಅವನ ಆಯುಷ್ಯದಿಂದ ಕಳೆಯುತ್ತದೆ. ತೊಟ್ಟಿ ಇಲ್ಲದಿದ್ದರೆ ಕೊಡಗಟ್ಟಲೆ ನೀರು ಸುರಿದು, ಒದ್ದೆ ಟವೆಲ್ ಹೊದಿಸಿ, ಗಾಳಿ ಹಾಕಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬೇಡಿ.

ಬೇಸಿಗೆಯಲ್ಲಿ ಮಾತ್ರ ಹೀಗಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. 2024ರಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ 10 ಕಿಲೋಮೀಟರ್ ಓಟವಿಟ್ಟಿದ್ದಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಆಗ ಆಗಸ್ಟ್ ಮುಗಿಯುವ ಹೊತ್ತು, ಮಳೆಗಾಲ. ಸಾವಿನ ಕಾರಣಗಳ ಬಗ್ಗೆ ಬೇರೆಬೇರೆ ಮಾತುಗಳು ಬಂದವು, ಸರ್ಕಾರ ಓಟವನ್ನು ಕೆಲವು ದಿನ ನಿಲ್ಲಿಸಿತು. ಬ್ರಿಟನ್ನಿನಲ್ಲಿ 2013ರ ಜುಲೈನಲ್ಲಿ ವಿಶೇಷ ಪಡೆಯ ಆಯ್ಕೆಗಾಗಿ ಬೆಟ್ಟದಲ್ಲಿ ಭಾರ ಹೊತ್ತು ನಡೆಯುತ್ತಿದ್ದ ಮೂವರು ಸೈನಿಕರು ಸೆಕೆಯಿಂದ ಸತ್ತರು. ಅಂದಿನ ಉಷ್ಣತೆಯನ್ನು ಕೇಳಿದರೆ ಕಲಬುರಗಿಯವರು ತಂಪು ದಿನವೆಂದಾರು. ಕಾರಣ ಸರಳ. ಓಡುವಾಗ ದೇಹ ಉಪಯೋಗಿಸುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಬೆವರು ಆರಿದಾಗ ಆ ಶಾಖ ಹೋಗುತ್ತದೆ; ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದೆ ನೆಲಕ್ಕೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಬೆವರು ದೇಹವನ್ನು ತಣಿಸುವುದಿಲ್ಲ. ಆದ್ದರಿಂದಲೇ ಮಂಗಳೂರಿನ 32 ಡಿಗ್ರಿ ವಿಜಯಪುರದ 36 ಡಿಗ್ರಿಗಿಂತ ಓಟಗಾರನಿಗೆ ಕಷ್ಟವಾಗಬಹುದು.

ದೇಹಕ್ಕೆ ಇದನ್ನು ಕಲಿಸಬಹುದು, ಆದರೆ ಅದು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಹತ್ತರಿಂದ ಹದಿನಾಲ್ಕು ದಿನ, ಪ್ರತಿದಿನ ಒಂದು ತಾಸಿನಷ್ಟು ಹೊತ್ತು, ಹಗುರಾಗಿ ಆರಂಭಿಸಿ ಸೆಕೆಯಲ್ಲಿ ಓಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಶಿರಸಿಯ ಹುಡುಗನ ರ‍್ಯಾಲಿ ಬಯಲುಸೀಮೆಯಲ್ಲಿ ಏಪ್ರಿಲ್‌ನಲ್ಲಿದ್ದರೆ ಎರಡು ವಾರ ಮೊದಲೇ ಈ ಕೆಲಸ ಶುರುವಾಗಬೇಕು. ಇಲ್ಲಿ ಸೈನ್ಯದ ಒಂದು ಪದ್ಧತಿಯನ್ನು ನೆನೆಯಬೇಕು. ಲಡಾಖಿನ ಲೇಹ್‌ಗೆ, ಅಂದರೆ ಸುಮಾರು 3,500 ಮೀಟರ್ ಎತ್ತರಕ್ಕೆ, ವಿಮಾನದಲ್ಲಿ ಇಳಿದ ಸೈನಿಕ ಎಷ್ಟೇ ಗಟ್ಟಿಗನಾಗಿರಲಿ, ಆರು ದಿನ ಅಲ್ಲಿಯೇ ಇರಬೇಕು. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಸಣ್ಣ ನಡಿಗೆ. ಇನ್ನೂ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ, ಅದರ ಮೇಲೆ ಇನ್ನೂ ನಾಲ್ಕು ದಿನ. ನಾನು ಅಲ್ಲಿ ಇಳಿದಾಗ ನನಗೆ ಏನೂ ಆಗಿಲ್ಲವೆಂದು ಎರಡನೆಯ ದಿನವೇ ಓಡಲು ಹೊರಟು ಸುಬೇದಾರರಿಂದ ಬೈಸಿಕೊಂಡೆ. ಶತ್ರುವಿಗೆ ಕಾಯದ ಸೈನ್ಯ ಹವೆಗೆ ಕಾಯುತ್ತದೆ. ಅದನ್ನು ಅಲ್ಲಿ ಯಾರೂ ಹೇಡಿತನ ಎನ್ನುವುದಿಲ್ಲ, ಡ್ರಿಲ್ ಎನ್ನುತ್ತಾರೆ.

ನೀರಿನ ಬಗ್ಗೆ: ಮುಕ್ಕಾಲು ತಾಸಿನ ಬೆಳಗಿನ ಓಟಕ್ಕೆ ಬಾಯಾರಿದಾಗ ಕುಡಿಯುವ ನೀರು, ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಸಾಕು. ಸೆಕೆಯಲ್ಲಿ ಎರಡು ತಾಸು ಬೆವರಿದ ದಿನ ಓಆರ್‌ಎಸ್ ಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಒಂದು ಲೋಟಕ್ಕೆ ಸುರಿದುಕೊಂಡು ಕುಡಿಯುವುದನ್ನು ನಾನು ಪ್ರತಿ ರ‍್ಯಾಲಿಯಲ್ಲಿ ನೋಡುತ್ತೇನೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಹೆದರಿಕೆಯಿಂದ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಇಳಿದು ತಲೆ ತಿರುಗಿ ಬೀಳುವವರಿದ್ದಾರೆ. ಇನ್ನು ಓಟದ ಬೆಳಿಗ್ಗೆ ನೋವಿನ ಮಾತ್ರೆ ನುಂಗುವುದು, ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಆ ಔಷಧ ಮೂತ್ರಪಿಂಡವನ್ನು ಹಾಳು ಮಾಡಬಲ್ಲದು. ದಮ್ಮು ಹೆಚ್ಚಿಸುತ್ತದೆಂದು ಯಾರೋ ಮಾರುವ ಹೆಸರಿಲ್ಲದ ಮಾತ್ರೆಯ ಬಗ್ಗೆ ಹೇಳುವುದೇ ಬೇಡ. ಇದರಲ್ಲಿ ನನಗೆ ಯಾವ ಸಹನೆಯೂ ಇಲ್ಲ. ಅಂತಹವರು ನನ್ನ ಮೈದಾನಕ್ಕೆ ಬರಬೇಕಾಗಿಲ್ಲ.

ಕೊನೆಯದಾಗಿ, ಓಟ ಮುಗಿದರೆ ಪರೀಕ್ಷೆ ಮುಗಿಯುವುದಿಲ್ಲ. ಬೀಮಿನಲ್ಲಿ ಹತ್ತು ಪುಲ್‌ಅಪ್‌ಗೆ 40 ಅಂಕ, ಒಂಬತ್ತು ಅಡಿಯ ಹಳ್ಳ ಜಿಗಿತ ಮತ್ತು ಅಂಕುಡೊಂಕು ಹಲಗೆಯ ನಡಿಗೆಯಲ್ಲಿ ಉತ್ತೀರ್ಣರಾಗಲೇಬೇಕು. ಮಳೆಯ ದಿನ ಓಟದಲ್ಲಿ ಪೂರ್ತಿ ಅಂಕ ತೆಗೆದು, ಒದ್ದೆ ಬೀಮಿನಿಂದ ಆರನೆಯದಕ್ಕೇ ಕೈ ಜಾರಿ ಇಳಿದವರಿದ್ದಾರೆ. ವಾರಕ್ಕೊಮ್ಮೆ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ ಬೀಮಿಗೆ ಜೋತುಬೀಳುವ ಅಭ್ಯಾಸ ಮಾಡಿ. ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಣ ಕರವಸ್ತ್ರವೊಂದಿರಲಿ. ಹಳ್ಳ ಜಿಗಿಯುವಾಗ ಅಂಚಿನ ತುದಿಯಲ್ಲಿ ಕಾಲೂರಿದರೆ ಒದ್ದೆ ಮಣ್ಣು ಕುಸಿಯುತ್ತದೆ, ಒಂದು ಗೇಣು ಹಿಂದಿನಿಂದಲೇ ಎದ್ದು ಜಿಗಿಯಬೇಕು. ಹಾಗಾಗಿ ಅಭ್ಯಾಸದಲ್ಲಿ ಒಂಬತ್ತು ಅಡಿಯಲ್ಲ, ಹತ್ತು ಅಡಿ ಜಿಗಿಯಿರಿ. ಹಲಗೆಯ ಮೇಲೆ ಏರುವ ಮೊದಲು ಬೂಟಿನ ತಳವನ್ನು ಹುಲ್ಲಿಗೆ ಉಜ್ಜಿ ಕೆಸರು ತೆಗೆಯಿರಿ.

ನಾಳೆ ಬೆಳಿಗ್ಗೆ ಐದಕ್ಕೆ ಎಂದಿನಂತೆ ಮೈದಾನದ ಗೇಟಿನ ಬಳಿ ಸೇರೋಣ. ಜಿಟಿಜಿಟಿ ಮಳೆಯಿದ್ದರೆ ಹತ್ತು ನಿಮಿಷ ಹಗುರ ಓಟ, ಆಮೇಲೆ ಮೂರು ನಿಮಿಷದ ನಾಲ್ಕು ಬಿರುಸಿನ ಓಟ, ತಿರುವಿನಲ್ಲಿ ಒಳ ಅಂಚು, ನೇರ ದಾರಿಯಲ್ಲಿ ಗಟ್ಟಿ ನೆಲ. ವಾಚುಗಳನ್ನು ನನ್ನ ಕೈಗೆ ಕೊಡಬೇಕು. ಗುಡುಗು ಕೇಳಿಸಿದರೆ ಗೇಟಿಗೆ ಬರುವುದು ಬೇಡ, ಗರಡಿಮನೆಯ ಬೀಗದ ಕೈ ನನ್ನ ಬಳಿ ಇದೆ.